ಟಿವಿಗೆ ಸೂತಕ

ಬಸವೇಶ್ವರಿಗೆ ನಿದ್ದೆ ಇರಲಿಲ್ಲ. ಉಣ್ಣಲು ಇತ್ತು, ಇರಲು ಮನೆ ಇತ್ತು, ಇಳಕಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಕೆಲಸ ಇತ್ತು. ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಗಂಡ ವಿಜಯಮಹಾಂತೇಶ ಇದ್ದ, ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಓದುವ ಮಗಳಿದ್ದಳು. ನಿದ್ದೆ ಮಾತ್ರ ಇರಲಿಲ್ಲ.

ರಾತ್ರಿ ಪಾಳಿ ಅವಳಿಗೇ ಗಟ್ಟಿಯಾಗಿಬಿಟ್ಟಿತ್ತು. ಬೇರೆ ಹುಡುಗಿಯರಿಗೆ ಮದುವೆ, ಬಸುರು, ಬಾಣಂತನ. ಬಸವೇಶ್ವರಿಗೆ ಇನ್ನು ಅಂಥದ್ದೇನೂ ಆಗುವುದಿಲ್ಲ ಎಂಬ ಲೆಕ್ಕದ ಮೇಲೆ ಪಾಳಿ ಬರೆಯುವವರು ಅವಳ ಹೆಸರನ್ನೇ ಬರೆಯುತ್ತಿದ್ದರು. ಬೆಳಿಗ್ಗೆ ಮನೆಗೆ ಬಂದು ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ ಬಸ್ಸಿಗೆ ಕಳಿಸಿ, ಅರಿವೆ ಒಗೆದು, ಅತ್ತೆಗೆ ಉಣ್ಣಲಿಟ್ಟು ಒಳಕೋಣೆಯಲ್ಲಿ ಅಡ್ಡಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಕಣ್ಣು ಮುಚ್ಚಿಕೊಳ್ಳುವುದಕ್ಕೂ ಪಡಸಾಲೆಯಲ್ಲಿ ಟಿವಿ ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು.

ಅತ್ತೆ ಗುರುಲಿಂಗವ್ವ ಮಧ್ಯಾಹ್ನ ಎರಡು ಧಾರಾವಾಹಿ ನೋಡುತ್ತಿದ್ದಳು. ರಾತ್ರಿಯದನ್ನೇ ಮತ್ತೆ ತೋರಿಸುವ ಹೊತ್ತು ಅದು. ಸದ್ದು ಎಷ್ಟಿತ್ತೆಂದರೆ, ಧಾರಾವಾಹಿಯ ಅತ್ತೆ ತನ್ನ ಸೊಸೆಯನ್ನು ಬೈದರೆ ಒಳಕೋಣೆಯಲ್ಲಿ ಬಸವೇಶ್ವರಿ ತನಗೇ ಬೈದರೇನೋ ಎಂದು ಎದ್ದು ಕೂಡುತ್ತಿದ್ದಳು.

"ಅತ್ತಿ, ಒಂದೀಟ ಸಣ್ಣ ಮಾಡ್ರಿ."

"ಮಾಡೇನೆಲ್ಲವ್ವ, ಇದಕ್ಕಿಂತ ಸಣ್ಣ ಎಲ್ಲೈತಿ?"

ಒಂದು ಗೆರೆ ಇಳಿಸುತ್ತಿದ್ದಳು. ಒಂದು ಜಾಹೀರಾತು ಮುಗಿಯುವುದರೊಳಗೆ ಎರಡು ಗೆರೆ ಏರಿಸುತ್ತಿದ್ದಳು.

ಟಿವಿಯದು ಒಂದು ಕಾಟವಾದರೆ, ಪಕ್ಕದ ಮನೆಯ ರಾಟೆಯದು ಇನ್ನೊಂದು. ಆ ಓಣಿ ನೇಕಾರರದು. ಮನೆಗಳೆಲ್ಲ ಹೆಗಲಿಗೆ ಹೆಗಲು ಹಚ್ಚಿ ನಿಂತಿವೆ, ಎರಡು ಮನೆಗೆ ಒಂದೇ ಗೋಡೆ. ಗೋಡೆಯಾಚೆ ಇಂದ್ರಾಬಾಯಿ ಎಂಬ ಮುದುಕಿ ಒಬ್ಬಳೇ ಇದ್ದಳು. ಕಣ್ಣು ಮುಕ್ಕಾಲು ಹೋಗಿದ್ದವು. ಬೆರಳಿಗೆ ರೂಢಿಯಾದ ಕೆಲಸವಾದ್ದರಿಂದ ನೂಲಿನ ಕಂಡಿಕೆ ಸುತ್ತಿ ಮಗ್ಗದವರಿಗೆ ಕೊಡುತ್ತಿದ್ದಳು. ಅವಳ ರಾಟೆ ಕಿರ್ ಎಂದು ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಒಂದೇ ಸಮ ತಿರುಗಿದ್ದರೆ ಹೇಗೋ ಜೋಗುಳವೆಂದುಕೊಂಡು ಮಲಗಬಹುದಿತ್ತು. ಅದು ನಿಂತು ನಿಂತು ತಿರುಗುತ್ತಿತ್ತು.

ಎರಡು ಮನೆಗೂ ಮಾತಿರಲಿಲ್ಲ. ಗುರುಲಿಂಗವ್ವನ ಬಚ್ಚಲ ನೀರು ಗೋಡೆಗೆ ಇಳಿದು ಇಂದ್ರಾಬಾಯಿಯ ಗಂಡ ಹಣಮಂತಸಾನ ಮಗ್ಗದ ಕುಣಿ ಹಸಿಯಾಗಿ, ಮಗ್ಗಕ್ಕೆ ಏರಿಸಿದ್ದ ಸೀರೆಯ ಹಾಸುನೂಲು ಬೂಸು ಹಿಡಿದು ಹಾಳಾಗಿತ್ತು. ಅಲ್ಲಿಂದ ಶುರುವಾದದ್ದು ಪಂಚರವರೆಗೆ ಹೋಗಿ ಬಂದಿತ್ತು. ಅದೇ ಸಿಟ್ಟು ಆರದಿರುವಾಗ ಹಣಮಂತಸಾ ಸತ್ತ. ಆಗಿನ್ನೂ ಬದುಕಿದ್ದ ಗುರುಲಿಂಗವ್ವನ ಗಂಡ ಹೊಳಬಸಪ್ಪ, "ಆ ಹೊಸ್ತಿಲಾ ದಾಟಿದೆಂದ್ರ ಈ ಹೊಸ್ತಿಲಾ ದಾಟಬ್ಯಾಡ" ಎಂದ. ಗುರುಲಿಂಗವ್ವ ಹೋಗಲಿಲ್ಲ. ಜಗಳವಾಡುವುದು ಬೇರೆ, ಸಾವಿಗೆ ಅಳಲು ಹೋಗದಿರುವುದು ಬೇರೆ. ಈ ಓಣಿಯಲ್ಲಿ ಮೊದಲನೆಯದನ್ನು ಮರೆಯುತ್ತಾರೆ, ಎರಡನೆಯದನ್ನು ಮರೆಯುವುದಿಲ್ಲ. ಬಸವೇಶ್ವರಿ ಈ ಕತೆಯನ್ನು ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಆಮೇಲೆ ಗೋಡೆಯಾಚೆಗಿನ ಮನೆ ಅವಳಿಗೆ ಒಂದು ರಾಟೆ ಮಾತ್ರವಾಗಿತ್ತು.

ಮಳೆಗಾಲ ಶುರುವಾಗಿ ಜ್ವರದವರು ತುಂಬಿದ್ದ ಒಂದು ರಾತ್ರಿ, ಬಸವೇಶ್ವರಿ ವಾರ್ಡಿನ ಸ್ಟೂಲಿನ ಮೇಲೆ ಕುಳಿತಲ್ಲೇ ತೂಕಡಿಸಿದಳು. ಸಲಾಯಿನ್ ಬಾಟಲಿ ಬರಿದಾಗಿ ನಳಿಕೆಯಲ್ಲಿ ರಕ್ತ ಮೇಲೇರಿತ್ತು. ರೋಗಿಯ ಹೆಂಡತಿ ಕಿರುಚಿದಾಗಲೇ ಎಚ್ಚರ. ಏನೂ ಆಗಲಿಲ್ಲ. ಆದರೆ ಬೆಳಿಗ್ಗೆ ಹಿರಿಯ ನರ್ಸ್ ಲೀಲಾಬಾಯಿ ಅವಳನ್ನು ಔಷಧಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಬಸಕ್ಕ, ಇದು ಮೂರನೇ ಸಲಾ. ಎರಡ ನಾ ನುಂಗೇನಿ. ಇದನ್ನ ಡಾಕ್ಟರ್ ಕೇಳ್ಯಾರ."

"ಮನ್ಯಾಗ ನಿದ್ದಿ ಆಗವಲ್ದ್ರಿ, ಬಾಯಾರ."

"ನಿದ್ದಿ ಎಲ್ಲೆರ ಮಾಡವ್ವ. ಗುಡಿಯಾಗ ಮಾಡು, ಬಸ್‍ಸ್ಟ್ಯಾಂಡಿನಾಗ ಮಾಡು. ಇನ್ನೊಮ್ಮೆ ಹಿಂಗ ಆತಂದ್ರ ಮನ್ಯಾಗ ಹಗಲೂ ರಾತ್ರಿ ಮಲ್ಕೊಂಡಿರಬಹುದು."

ಅವಳ ಸಂಬಳದಿಂದಲೇ ಮಗಳು ಹಾಸ್ಟೆಲ್ಲಿನಲ್ಲಿದ್ದಳು. ಬಸವೇಶ್ವರಿ ಮನೆಗೆ ಬಂದು ಗಂಡನಿಗೆ ಎರಡೇ ಮಾತು ಹೇಳಿದಳು: ನಿಮ್ಮವ್ವನ ಕಿವಿ ತೋರಿಸಿಕೊಂಡು ಬರ್ರಿ, ಇಲ್ಲವೇ ನನ್ನ ಕೆಲಸ ಹೋಯಿತು ಅಂದುಕೊಳ್ಳಿ.

ವಿಜಯಮಹಾಂತೇಶ ರಜೆ ಹಾಕಿ, ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಸ್‍ಸ್ಟ್ಯಾಂಡಿಗೆ ಹೊರಟ. ಎದುರುಮನೆಯ ಸೈಕಲ್ ರಿಪೇರಿಯ ನಬಿಸಾಬ ಎಲ್ಲಿಗೆಂದು ಕೇಳಿದಾಗ "ಬಾಗಲಕೋಟಿಗೆ, ದೊಡ್ಡ ದವಾಖಾನಿಗೆ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಅಂದು ರಾತ್ರಿ ಅಲ್ಲಿಯೇ ಅವನ ತಂಗಿಯ ಮನೆಯಲ್ಲಿ ಉಳಿದರು. ಕಿವಿಯ ಡಾಕ್ಟರು ಗುರುಲಿಂಗವ್ವನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಷ್ಟು ಕೇಳಿದರೆ ಹೆಚ್ಚೇ, ಯಂತ್ರ ಗಿಂತ್ರ ಏನೂ ಬೇಡ ಎಂದರು.

"ಕೇಳ್ತೈತಂತಲ್ಲ ಬೇ. ಮತ್ಯಾಕ ಅಷ್ಟ ದೊಡ್ಡ ಹಚ್ತಿ?" ಎಂದು ಮಗ ಕೇಳಿದ.

"ಸಣ್ಣ ಹಚ್ಚಿದ್ರ ಸರಿ ಅನಸಂಗಿಲ್ಲಪಾ."

"ಆಕಿ ಕೆಲಸಾ ಹೋಗ್ತೈತಿ."

"ಏನ ಮಾಡ್ಬೇಕ ಅದನ್ನ ಮಾಡು" ಎಂದಳು ಗುರುಲಿಂಗವ್ವ.

ಮರುದಿನ ಇಳಕಲ್ಲಿಗೆ ಇಳಿದವರೇ ಬಸ್‍ಸ್ಟ್ಯಾಂಡಿನ ಎದುರಿನ ಖಲೀಲನ ಅಂಗಡಿಗೆ ಹೋದರು. ಅವನು ಟಿವಿಗೂ ಮೊಬೈಲಿಗೂ ಕೂಡುವ, ವೈರಿಲ್ಲದ ಹೆಡ್‍ಫೋನ್ ತೋರಿಸಿದ. ಟಿವಿಯ ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ಚುಚ್ಚಬೇಕು, ಆಗ ಟಿವಿಯ ಬಾಯಿ ಬಂದ್, ಸದ್ದೆಲ್ಲ ಹೆಡ್‍ಫೋನಿಗೇ.

"ಎರಡ ಕಡೆನೂ ಬರಂಗಿಲ್ಲೇನ?" ಎಂದಳು ಗುರುಲಿಂಗವ್ವ.

"ಎರಡೂ ಕಡೆ ಬಂದ್ರ ಇದನ್ನ ಯಾಕ ತಗೋತೀರಿ ಅಮ್ಮಾ? ಸೊಸೀಗೂ ಕೇಳಬಾರ್ದು, ಬೀಗ್ರಿಗೂ ಕೇಳಬಾರ್ದು, ಬಾಜೂ ಮನಿಯವ್ರಿಗೂ ಕೇಳಬಾರ್ದು. ನಿಮಗಷ್ಟ ಮಜಾ."

ಆ ಮಾತಿಗೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗುರುಲಿಂಗವ್ವ ನಗಲಿಲ್ಲವೆಂದು ವಿಜಯಮಹಾಂತೇಶ ಆಮೇಲೆ ಹೆಂಡತಿಗೆ ಹೇಳಿದ. ಮುದುಕಿಗೆ ಹೊಸ ಸಾಮಾನಿನ ಅಂಜಿಕೆ ಎಂದು ಇಬ್ಬರೂ ತಿಳಿದರು.

ಮೊದಲ ದಿನ ಅದು ತಲೆಯ ಮೇಲಿನ ಸೆರಗಿನಿಂದ ಜಾರಿ ಜಾರಿ ಬಿತ್ತು. ಸೆರಗು ತೆಗೆದು ಹಾಕಿಕೊಂಡರೆ ತುರುಬಿಗೆ ಒತ್ತಿತು. ಕೊನೆಗೆ ತುರುಬು ಸಡಿಲಿಸಿ, ಹೆಡ್‍ಫೋನ್ ಏರಿಸಿ, ಮೇಲೆ ಸೆರಗು ಹೊದ್ದುಕೊಂಡಳು. ಎರಡು ಕಡೆ ಕಿವಿ ಉಬ್ಬಿಕೊಂಡು ಕಂಡವು.

"ವಿಮಾನಾ ನಡಸಾಕಿ ಕಂಡಂಗ ಕಾಣ್ತಿ ನೋಡ ಬೇ" ಎಂದು ಮಗ ನಕ್ಕ.

"ಹಾಂ?" ಎಂದಳು ಗುರುಲಿಂಗವ್ವ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟೆಂದು ತಿಳಿಯುವುದಿಲ್ಲ.

ಅಂದು ಬಸವೇಶ್ವರಿ ಮಲಗಿದವಳು ಕತ್ತಲಾಗುವ ಹೊತ್ತಿಗೆ ಎದ್ದಳು. ಎದ್ದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಬಾಯಿ ಒಣಗಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿದ್ದವು. ನಿದ್ದೆ ಎಂದರೆ ಇದು ಎಂಬುದೇ ಅವಳಿಗೆ ಮರೆತುಹೋಗಿತ್ತು. ಮರುದಿನವೂ ಹಾಗೇ. ದವಾಖಾನೆಯಲ್ಲಿ ಲೀಲಾಬಾಯಿ "ಗುಡಿಯಾಗ ಮಲ್ಕೊಂಡೇನ?" ಎಂದು ಕೇಳಿದಳು.

ಅತ್ತೆ ಬದಲಾದದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ನೀರು ಕುಡಿಯಲು ಎದ್ದು ಬಂದಾಗ ಒಮ್ಮೆ ನೋಡಿದಳು: ಟಿವಿಯಲ್ಲಿ ಬಾಯಿಗಳು ಆಡುತ್ತಿದ್ದವು, ಗುರುಲಿಂಗವ್ವ ಹೆಡ್‍ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ತಲೆ ಆನಿಸಿ ಕೂತಿದ್ದಳು. ಕಿವಿ ನೋಯುತ್ತಿರಬೇಕು ಎಂದುಕೊಂಡು ಬಸವೇಶ್ವರಿ ಹೋಗಿ ಮಲಗಿದಳು. ಗೋಡೆಯಾಚೆಯ ರಾಟೆ ಮೊದಲೆರಡು ದಿನ ನಿಲ್ಲದೆ ತಿರುಗಿತು. ಆಮೇಲೆ ಸದ್ದೇ ಇಲ್ಲ. ಅದೂ ಒಂದು ಪೀಡೆ ಕಳೆಯಿತು ಎಂದುಕೊಂಡಳು.

ಸೋಮವಾರ ಶ್ರಾವಣದ ಪೂಜೆ. ಮಠದಿಂದ ಅಯ್ಯನವರು ಬಂದರು, ಪಾದಪೂಜೆಯಾಯಿತು, ಗಂಟೆ ಬಾರಿಸಿದರು, ನೆಂಟರು ಒಂದಿಷ್ಟು ಮಂದಿ ಬಂದು ಪ್ರಸಾದ ಉಂಡು ಹೋದರು. ಪಕ್ಕದ ಮನೆಗೆ ಹೇಳಿಕಳಿಸುವ ರೂಢಿ ಎಂದೋ ನಿಂತಿತ್ತು.

ಮಂಗಳವಾರ ಮಧ್ಯಾಹ್ನ ಬಸವೇಶ್ವರಿಗೆ ಗಾಢ ನಿದ್ದೆ. ನಿದ್ದೆಯೊಳಗೆ ಯಾರೋ ಹೆಂಗಸು ಹಾಡಿಕೊಂಡು ಅಳುತ್ತಿದ್ದಳು. ವಾರ್ಡಿನಲ್ಲಿ ಯಾರೋ ಹೋದರು ಎಂದುಕೊಂಡಳು. ಆಕ್ಸಿಜನ್ ತೆಗೆಯಬೇಕು, ಹಾಸಿಗೆಯ ಸುತ್ತ ಪರದೆ ಎಳೆಯಬೇಕು. ಕೈ ಪರದೆಗೆ ತಡಕಾಡಿ ಗೋಡೆಗೆ ಬಡಿದಾಗ ಎಚ್ಚರವಾಯಿತು. ಅಳು ನಿಂತಿರಲಿಲ್ಲ. ಅದು ತನ್ನ ಮನೆಯ ಬಾಗಿಲಲ್ಲೇ ಇತ್ತು.

ಹೊಸ್ತಿಲ ಮೇಲೆ ಇಂದ್ರಾಬಾಯಿ ಕೂತಿದ್ದಳು. ಗೋಡೆ ಹಿಡಿದು ನಡೆದು ಬಂದಿದ್ದಳೆಂದು ಅಂಗೈಗೆ ಹತ್ತಿದ ಸುಣ್ಣ ಹೇಳುತ್ತಿತ್ತು. ಮುಂದೆ ಒಂದು ಬುತ್ತಿಯ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ತರುವ ಬುತ್ತಿ ಅದು. ಕೈಯಿಂದ ಹಣೆ ಬಡಿದುಕೊಳ್ಳುತ್ತ, ಕಾಣದ ಕಣ್ಣನ್ನು ಒಳಮನೆಯ ಕಡೆಗಿಟ್ಟು ಹಾಡಿಕೊಂಡು ಅಳುತ್ತಿದ್ದಳು.

"ಹೋದೆಲ್ಲ ನನ್ನ ಗುರುಲಿಂಗೀ... ಹೇಳದs ಹೋದೆಲ್ಲ... ಗ್ವಾಡಿ ಒಂದs ಇತ್ತಲ್ಲವ್ವಾ, ಮಣ್ಣಿಗಾದ್ರೂ ಕರೀಬಾರದಿತ್ತ... ಗಂಟಿ ಸಪ್ಪಳಾ ಕೇಳಿ ನಾ ತಿಳಕೊಂಡೆನಲ್ಲವ್ವಾ..."

ಬಸವೇಶ್ವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡ ದವಾಖಾನೆಗೆ ಹೋದದ್ದನ್ನು ಮುದುಕಿ ಕೇಳಿಸಿಕೊಂಡಿದ್ದಳು. ಅಂದಿನಿಂದ ಟಿವಿ ಇಲ್ಲ. ಆಮೇಲೆ, ಸಾವಿನ ಮನೆಯಲ್ಲೂ ಬಾರಿಸುವ ಅಯ್ಯನವರ ಗಂಟೆ, ಮಂದಿಯ ಸದ್ದು. ಲಿಂಗವಂತರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಯಾವ ಜಾತಿಯಾದರೂ, ಮೊದಲು ಬಾಯಿ ಮುಚ್ಚುವುದು ಟಿವಿ. ಟಿವಿಗೆ ಮಾತ್ರ ಸೂತಕ ಇದ್ದೇ ಇದೆ. ಕಣ್ಣಿಲ್ಲದವಳು ಕಿವಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ್ದಳು. ಮಾತು ಬಿಟ್ಟ ಮನೆಯ ವಿಷಯವನ್ನು ಯಾರನ್ನಾದರೂ ಕೇಳಲು ಮನಸ್ಸು ಒಪ್ಪಿರಲಿಕ್ಕಿಲ್ಲ.

ತಡೆಯಬೇಕಿತ್ತು. ಬಸವೇಶ್ವರಿ ನಿದ್ದೆಗಣ್ಣಿನಲ್ಲಿ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ನನ್ನ ಗಂಡ ಹ್ವಾದಾಗ ನೀ ಬರಲಿಲ್ಲ... ನಾ ಸಿಟ್ಟ ಹಿಡದೆ... ನೀ ಬರಲಿಲ್ಲಂದ್ರೂ ನಾ ಬಂದೇನಿ ನೋಡವ್ವಾ... ದಿನಾ ನನ್ನ ಸಲುವಾಗಿ ದೊಡ್ಡದ ಹಚ್ತಿದ್ದಿ, ಗೊತ್ತಿತ್ತ ನನಗ, ಗೊತ್ತಿತ್ತ... ಬಾಯಿಲೆ ಮಾತಾಡದಾಕಿ ಟಿವೀಲೆ ಮಾತಾಡ್ತಿದ್ದೆಲ್ಲ... ಇನ್ನ ಆ ಸರಾ ಯಾರ ಕದ್ರಂತ ನನಗ ಯಾರ ಹೇಳ್ಬೇಕs..."

ಬಾಗಿಲಾಚೆ ಓಣಿ ನೆರೆದಿತ್ತು. ಧಾರಾವಾಹಿಯಲ್ಲಿ ಕಳುವಾದ ಸರದ ಮಾತು ಬಂದಾಗ ಯಾರೋ ಕಿಸಕ್ಕೆಂದರು. ಒಬ್ಬಿಬ್ಬರ ಕೈಯಲ್ಲಿ ಮೊಬೈಲ್ ಎದ್ದಿತ್ತು. ನಬಿಸಾಬ ಕೈಯಲ್ಲಿದ್ದ ಪಾನಾ ಹಿಡಿದುಕೊಂಡೇ ಮುಂದೆ ಬಂದ.

"ಏ ಇಂದ್ರಾಬಾಯಾರ, ಯಾರಿಗೆ ಅಳಾಕತ್ತೀರಿ? ಸತ್ತಾಕಿ ಟಿವಿ ನೋಡಾಕತ್ತಾಳ ನೋಡ್ರಿ ಒಳಗ!"

ಆಗ ಎಲ್ಲರೂ ನಕ್ಕರು. ಗುರುಲಿಂಗವ್ವ ಟಿವಿಯ ಎದುರು, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಅಂದು ಹೆಡ್‍ಫೋನ್ ಕಿವಿಯ ಮೇಲೇ ಇತ್ತು. ಅಷ್ಟು ದಿನ ತೊಡೆಯ ಮೇಲಿಟ್ಟುಕೊಂಡು ಕೂತವಳು, ಗೋಡೆಯಾಚೆ ರಾಟೆಯೂ ನಿಂತ ಮೇಲೆ, ಅಂದು ಕಿವಿಗೆ ಹಾಕಿಕೊಂಡಿದ್ದಳು. ತನಗಾಗಿ ಅತ್ತ ಅಳುವಿನ ಒಂದಕ್ಷರವೂ ಅವಳಿಗೆ ಮುಟ್ಟಿರಲಿಲ್ಲ. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತೆಂದು ತಿರುಗಿದಳು. ಮಂದಿಯನ್ನು ನೋಡಿದಳು. ಹೊಸ್ತಿಲ ಮೇಲೆ ಕೂತವಳನ್ನು ನೋಡಿದಳು. ಗಾಬರಿಯಾಗಿ, ಸೊಸೆಯ ಕಡೆ ನೋಡಿ, ಆ ಮುಚ್ಚಿದ ಕಿವಿಯವರ ದೊಡ್ಡ ದನಿಯಲ್ಲಿ ಕೇಳಿದಳು:

"ಈಕಿ ಯಾಕ ಬಂದಾಳ ಇಲ್ಲೆ?"

ಅಳು ನಿಂತಿತು. ನಗೆ ಇನ್ನೂ ಜೋರಾಯಿತು. ಇಂದ್ರಾಬಾಯಿ ದನಿ ಬಂದ ಕಡೆ ಮುಖ ಮಾಡಿದಳು.

"ಬದುಕಿದ್ದೀ?" ಎಂದಳು. "ಛಲೋ ಆತು."

ಚೌಕಟ್ಟು ಹಿಡಿದು ಎದ್ದಳು. ಬಸವೇಶ್ವರಿ ಕೈ ಹಿಡಿಯಲು ಹೋದರೆ ಕೊಡವಿದಳು. ಬುತ್ತಿಯನ್ನು ಮರೆತಳೋ ಬಿಟ್ಟಳೋ, ಅಲ್ಲೇ ಉಳಿಯಿತು. ಗೋಡೆ ಹಿಡಿದು ಹೋದಳು. ಹಿಂದಿನಿಂದ ಯಾರೋ "ಬಾಯಾರ, ಹದಿಮೂರನೇ ದಿನಕ್ಕ ಬರ್ತೇವ್ರಿ" ಎಂದರು.

ಬಸವೇಶ್ವರಿ ಬಾಗಿಲು ಹಾಕಿದಳು. ಗುರುಲಿಂಗವ್ವ ಹೆಡ್‍ಫೋನ್ ಕೆಳಗಿಳಿಸಿ ಕೂತಿದ್ದಳು.

"ಏನ ಅಂದ್ಲು?"

"ನೀವು ತೀರಕೊಂಡೀರಂತ ತಿಳದ ಅಳಾಕ ಬಂದಿದ್ಲರಿ."

"ಮತ್ತೇನ ಅಂದ್ಲು?"

ಬಸವೇಶ್ವರಿಯ ಕಣ್ಣು ಉರಿಯುತ್ತಿದ್ದವು. ರಾತ್ರಿ ಪಾಳಿ ಇತ್ತು. ಹೇಳುವುದು ಬಹಳ ಇತ್ತು, ಅದನ್ನು ಸರಿಯಾಗಿ ಹೇಳಬೇಕಿತ್ತು. "ಸಂಜಿಗೆ ಹೇಳ್ತೇನ್ರಿ ಅತ್ತಿ" ಎಂದು ಒಳಗೆ ಹೋಗಿ ಬಿದ್ದುಕೊಂಡಳು.

ಸಂಜೆ ಗಂಡನ ಕೂಗಾಟಕ್ಕೆ ಎದ್ದಳು. ಅವನಿಗೆ ಬಸ್ಸು ಇಳಿಯುವಾಗಲೇ ಸುದ್ದಿ ಮುಟ್ಟಿತ್ತು. ಮನೆಗೆ ಬಂದರೆ ತಾಯಿ ಆ ಬುತ್ತಿ ಬಿಚ್ಚಿಕೊಂಡು ಜೋಳದ ರೊಟ್ಟಿ, ಜುಣಕ ತಿನ್ನುತ್ತಿದ್ದಳು.

"ಹೊರಗ ಒಗಿ ಬೇ ಅದನ್ನ! ಜೀವಂತ ಇದ್ದಾಕಿ ಹೆಸರೀಲೆ ಅತ್ತ ತಂದ ಬುತ್ತಿ ಅದು! ಅಪಶಕುನದ್ದು!"

"ಸತ್ತಾಕಿ ನಾ. ಬುತ್ತಿ ನಂದು. ನಿನಗೇನಾತು?" ಎಂದು ಗುರುಲಿಂಗವ್ವ ರೊಟ್ಟಿ ಮುರಿದಳು. ಅವಳು ನಿಧಾನಕ್ಕೆ, ಇದ್ದುದನ್ನೆಲ್ಲ ತಿಂದು, ಅರಿವೆಯನ್ನು ಝಾಡಿಸಿ ಮಡಚಿಟ್ಟಳು.

ಬಸವೇಶ್ವರಿ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಹತ್ತಿರ ಬಂದಳು.

"ಆಕಿ ರಾಟಿ ನಿಂತೈತಿ, ಬಸವ್ವ."

"ನಿಂತ್ರ ನಿಂತೀತೇಳ್ರಿ."

"ಹಂಗಲ್ಲ. ಆಕಿ ಮನ್ಯಾಗ ಟಿವಿ ಇಲ್ಲ. ಇದ್ರೂ ಕಣ್ಣ ಎಲ್ಲದಾವು? ನಾ ಹಚ್ಚಿದ್ನ ಕೇಳ್ತಿದ್ಲು. ಮಾತ ಬಂದಾಗ ರಾಟಿ ನಿಲ್ಲಸ್ತಿದ್ಲು, ಜಾಹೀರಾತ ಬಂದಾಗ ತಿರವತಿದ್ಲು. ಆ ಅತ್ತಿ ಸೊಸಿ ಮ್ಯಾಲ ಕಳವಿನ ಆಪಾದನಿ ಹೊರಿಸಿದ ದಿನ ಪೂರ್ತಿ ರಾಟಿ ಬಂದ್. ನನಗೂ ಆಕಿಗೂ ಒಂದs ಸಿಟ್ಟ ಬಂದಿತ್ತು."

ಬಸವೇಶ್ವರಿ ಚಪ್ಪಲಿಯ ಪಟ್ಟಿ ಹಿಡಿದುಕೊಂಡೇ ಕೂತಳು. ನಿಂತು ನಿಂತು ತಿರುಗುವ ಆ ರಾಟೆಗೆ ಎಷ್ಟು ವರ್ಷ ಶಾಪ ಹಾಕಿದ್ದಳೋ ಅವಳಿಗೇ ಲೆಕ್ಕವಿಲ್ಲ.

"ಮೊದಲs ಹೇಳಬೇಕಿಲ್ರಿ ಅತ್ತಿ?"

"ಏನಂತ ಹೇಳ್ಲಿ? ಸೊಸಿ ನಿದ್ದಿ ಕೆಡಸ್ತೇನಿ, ಯಾರ ಸಲುವಾಗಿ ಅಂದ್ರ, ಮಾತ ಬಿಟ್ಟಾಕಿ ಸಲುವಾಗಿ ಅನ್ಲಿ? ನಿನ್ನ ಕೆಲಸಾ ಹೋಗ್ತೈತಂದ್ರು. ಸುಮ್ನಾದೆ."

"ನಾಳೆ ಮುಂಜಾನೆ ನಾ ಬಂದ ಮ್ಯಾಲ ಇಬ್ಬರೂ ಕೂಡೆ ಹೋಗೂಣ್ರಿ. ನಿಮಗ ಕೇಳಸ್ಲಿಲ್ಲ ಅಂತ ನಾ ಹೇಳ್ತೇನಿ ಆಕಿಗೆ."

"ನೀ ಹೇಳಿದ್ರ ನಂಬ್ತಾಳ. ನಾ ಒಬ್ಬಾಕೆ ಹೋದ್ರ ಬಾಗಿಲಾ ತೆಗ್ಯಂಗಿಲ್ಲ."

ಆ ರಾತ್ರಿ ದವಾಖಾನೆಯ ಹುಡುಗಿಯರ ಮೊಬೈಲಿನಲ್ಲೆಲ್ಲ ಅದೇ ವಿಡಿಯೊ. ಹೊಸ್ತಿಲ ಮೇಲೆ ಅಳುವ ಮುದುಕಿ, ಹಿಂದೆ ತಲೆಗೆ ಹೆಡ್‍ಫೋನ್ ಏರಿಸಿಕೊಂಡ ಇನ್ನೊಬ್ಬ ಮುದುಕಿ. "ಬಸಕ್ಕ, ನಿಮ್ಮ ಮನೀದ ಅಲ್ಲಾ ಇದು?" ಎಂದು ಒಬ್ಬಳು ಅವಳಿಗೂ ಕಳಿಸಿದಳು. ಬಸವೇಶ್ವರಿ ನೋಡಲಿಲ್ಲ. ನೋಡಲು ಹೊತ್ತೂ ಇರಲಿಲ್ಲ. ಗ್ರಾನೈಟ್ ಕ್ವಾರಿಯಲ್ಲಿ ಕಾಲು ಜಜ್ಜಿಕೊಂಡ ಇಬ್ಬರು ಬಂದರು. ಹುನಗುಂದದ ದಾರಿಯಲ್ಲಿ ಬೈಕಿನಿಂದ ಬಿದ್ದವನೊಬ್ಬ ಬಂದ. ಬೆಳಗಿನವರೆಗೆ ಅವಳು ಕೂಡಲಿಲ್ಲ.

ಮನೆಗೆ ಬಂದಾಗ ಗುರುಲಿಂಗವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಕೆಂಪು ಸೆರಗಿನ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತಿದ್ದಳು. ಹೊರಡಲು ತಯಾರಾಗಿ ಕೂತವರ ಹಾಗೆ ಕಾಲು ಇಳಿಬಿಟ್ಟಿದ್ದಳು. ರೊಟ್ಟಿಯನ್ನೂ ತಾನೇ ಬಡಿದಿದ್ದಳು. ಮಗ ಡಬ್ಬಿ ಕಟ್ಟಿಕೊಂಡು ಹೋಗಿದ್ದ.

ಬಸವೇಶ್ವರಿಗೆ ಗೋಡೆ ಎರಡೆರಡಾಗಿ ಕಾಣುತ್ತಿತ್ತು.

"ಅತ್ತಿ, ಒಂದs ತಾಸ ಮಲ್ಕೋತೇನ್ರಿ. ಎದ್ದಕೂಡ್ಲೆ ಹೋಗೂಣು."

ಗುರುಲಿಂಗವ್ವ ಅವಳ ಮುಖ ನೋಡಿದಳು. "ಮಲ್ಕೋ" ಎಂದಳು.

ಎದ್ದಾಗ ಸಂಜೆಯಾಗಿತ್ತು. ಮನೆಯಲ್ಲಿ ಸದ್ದಿರಲಿಲ್ಲ. ಟಿವಿ ಹಚ್ಚಿರಲಿಲ್ಲ. ಗುರುಲಿಂಗವ್ವ ಅದೇ ಸೀರೆಯಲ್ಲಿ ಅದೇ ಜಾಗದಲ್ಲಿ ಕೂತಿದ್ದಳು.

"ಹೋಗೂಣ್ರಿ, ಮಾರಿ ತೊಳಕೊಂಡ ಬಂದೆ."

"ಎಲ್ಲಿಗೆ? ಆಕಿ ಹೋದ್ಲು. ಮಧ್ಯಾಹ್ನದಾಗ ಗುಳೇದಗುಡ್ಡದಿಂದ ಆಕಿ ಅಕ್ಕನ ಮಗಾ ಬಂದ. ಆ ವಿಡಿಯೊ ಅವರ ಮನಿ ಮುಟ್ಟೈತಿ. ಮಾನಾ ಕಳದಿ ಚಿಗವ್ವಾ ಅಂದ. ಟಂಟಂ ಗಾಡಿ ತಂದಿದ್ದ. ಗಂಟು ಹೇರಿದ, ರಾಟಿ ಹೇರಿದ, ಆಕಿನ್ನ ಕುಂದ್ರಿಸಿದ, ಕೀಲಿ ಹಾಕಿದ."

"ನೀವು ಹೊರಗ ಹೋಗಲಿಲ್ರಿ?"

"ಬಾಗಿಲತನಾ ಹ್ವಾದೆ. ಓಣಿ ಮಂದಿ ನಿಂತಿತ್ತು."

"ನನ್ನ ಎಬ್ಬಸಬೇಕಿಲ್ರಿ ಅತ್ತಿ!"

"ನೀ ನಿದ್ದಿ ಮಾಡಾಕತ್ತಿದ್ದಿ" ಎಂದಳು ಗುರುಲಿಂಗವ್ವ. ಅದರಲ್ಲಿ ಕೊಂಕಿರಲಿಲ್ಲ. "ನಿದ್ದಿ ಸಲುವಾಗೇ ಅಲ್ಲೇನು ಇದನ್ನೆಲ್ಲಾ ಮಾಡಿದ್ದು?"

ಬಸವೇಶ್ವರಿ ಕೂತಳು. ಮೊಬೈಲ್ ತೆಗೆದು ಆ ವಿಡಿಯೊ ಹುಡುಕಿದಳು. ಹಾಗೇ ಹಚ್ಚಿದರೆ ನಗೆಯೇ ಮುಂದಾಗಿ, ಅಳು ಸಣ್ಣಗೆ ಕೇಳುತ್ತಿತ್ತು. ಹೆಡ್‍ಫೋನನ್ನು ಮೊಬೈಲಿಗೆ ಕೂಡಿಸಿ, ಅತ್ತೆಯ ಸೆರಗು ಸರಿಸಿ, ತಾನೇ ಅವಳ ಕಿವಿಗೆ ಏರಿಸಿದಳು. "ಕೇಳ್ರಿ. ನಾ ಹೇಳಿದ್ರ ಸರಿ ಹೇಳಾಕ ಬರಂಗಿಲ್ಲ."

ಗುರುಲಿಂಗವ್ವ ಕೇಳಿದಳು. ಬಸವೇಶ್ವರಿಗೆ ಪರದೆಯ ಮೇಲೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಅತ್ತೆ ಅಳುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಅಳಲಿಲ್ಲ.

"ಇನ್ನೊಮ್ಮೆ ಹಚ್ಚು" ಎಂದಳು, ಆ ದೊಡ್ಡ ದನಿಯಲ್ಲಿ.

ಇನ್ನೊಮ್ಮೆ ಹಚ್ಚಿದಳು. ಮುಗಿದ ಮೇಲೆ ಗುರುಲಿಂಗವ್ವ ಹೆಡ್‍ಫೋನ್ ತೆಗೆದು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿದಳು.

"ಸರಾ ಕದ್ದಾಕಿ ಸೊಸಿ ಅಲ್ಲ, ನಾದಿನಿ" ಎಂದಳು ಗೋಡೆಗೆ. "ನಿನ್ನೆ ಗೊತ್ತಾತು."

ಆ ವಾರ ವಿಜಯಮಹಾಂತೇಶ ಗುಳೇದಗುಡ್ಡದವರ ನಂಬರು ಹುಡುಕಿ ಫೋನ್ ಮಾಡಿದ. ಚಿಗವ್ವನಿಗೆ ಮಾತಾಡುವ ಮನಸ್ಸಿಲ್ಲ ಎಂದು ಆ ಕಡೆಯಿಂದ ಹೇಳಿ ಇಟ್ಟರು. ಇನ್ನೊಮ್ಮೆ ಮಾಡಿದಾಗ ಎತ್ತಲಿಲ್ಲ. ಬಸವೇಶ್ವರಿ ಒಂದು ಮಧ್ಯಾಹ್ನ ಟಿವಿಯ ಹಿಂದಿನ ಡಬ್ಬಿ ಕಿತ್ತು, ಮೊದಲಿನಷ್ಟೇ ದೊಡ್ಡದಾಗಿ ಹಚ್ಚಿ ಕೊಟ್ಟಳು. ಗುರುಲಿಂಗವ್ವ ತಾನೇ ಎದ್ದು ಸಣ್ಣ ಮಾಡಿದಳು. ಈಗ ಅವಳು ಟಿವಿಯನ್ನು ಪಿಸುಮಾತಿನಷ್ಟು ಸದ್ದಿನಲ್ಲಿ ನೋಡುತ್ತಾಳೆ. ಹೆಡ್‍ಫೋನ್ ಬೇಕಾಗಿಲ್ಲ, ಮೊಳೆಗೆ ನೇತುಬಿದ್ದಿದೆ. ದವಾಖಾನೆಯಲ್ಲಿ ಬಸವೇಶ್ವರಿಯ ಕೆಲಸ ಉಳಿದಿದೆ. ಮಧ್ಯಾಹ್ನ ಮಲಗಿದರೆ ಅವಳಿಗೆ ಸಂಜೆಯವರೆಗೆ ಎಚ್ಚರವಿಲ್ಲ.

ಹೋದದ್ದು ಇಷ್ಟು: ಒಬ್ಬ ನೆರೆಯವಳು, ಒಂದು ರಾಟೆ, ಎರಡು ಧಾರಾವಾಹಿಯ ಹೊತ್ತು.